ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿಯದೆ ಕೊಡುವ ದುಡ್ಡು

ಹುಡುಗರು ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಗಳು ನನ್ನ ಕೈಯಲ್ಲಿವೆ. ಅದರಲ್ಲಿ ಒಂದನ್ನು ಮೊದಲು ಓದುತ್ತೇನೆ. "ಜೂಜಿನಲ್ಲಿ ಸೋತವನಿಗೆ ಏನೂ ಸಿಗುವುದಿಲ್ಲ. ಗೇಮಿನಲ್ಲಿ ದುಡ್ಡು ಕೊಟ್ಟು ಕ್ರೇಟ್ ತೆರೆದರೆ ಏನಾದರೂ ಒಂದು ಬಂದೇ ಬರುತ್ತದೆ. ಖಾಲಿ ಕ್ರೇಟ್ ಎನ್ನುವುದೇ ಇಲ್ಲ. ಹಾಗಿದ್ದರೆ ಇದು ಹರಾಮ್ ಹೇಗೆ?"

ಇದನ್ನು ಬರೆದವನು ಯೋಚನೆ ಮಾಡಿದ್ದಾನೆ. "ಹರಾಮ್ ಎಂದರೆ ಹರಾಮ್, ಕೂತ್ಕೋ" ಎಂದು ಗದರಿಸಿದರೆ ಅವನಿಗೆ ಅನ್ಯಾಯ ಮಾಡಿದ ಹಾಗೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಎಂದೇ ತಿಳಿಯಿರಿ.

ಹಿರಿಯರಿಗೆ ಮೊದಲು ಸ್ವಲ್ಪ ವಿವರಿಸಬೇಕು. ಮಕ್ಕಳು ಆಡುವ ಬಿಜಿಎಂಐ, ಫ್ರೀ ಫೈರ್ ತರಹದ ಆಟಗಳನ್ನು ಫೋನಿಗೆ ಹಾಕಿಕೊಳ್ಳಲು ದುಡ್ಡು ಬೇಡ. ಕಂಪನಿಗೆ ದುಡ್ಡು ಬರುವುದು ಒಳಗಿನ ಅಂಗಡಿಯಿಂದ. ನೀವು ಕೊಟ್ಟ ರೂಪಾಯಿ ಮೊದಲು ಯುಸಿಯೋ ಡೈಮಂಡೋ ಎಂಬ ಆಟದೊಳಗಿನ ನಾಣ್ಯ ಆಗುತ್ತದೆ. ಅದರಿಂದ ಬಂದೂಕಿಗೆ ಹೊಸ ಬಣ್ಣ, ಆಟಗಾರನಿಗೆ ಹೊಸ ಉಡುಪು ಪಡೆಯಬಹುದು. ಇವಕ್ಕೆ ಸ್ಕಿನ್ ಎನ್ನುತ್ತಾರೆ. ಕೆಲವು ಸ್ಕಿನ್‌ಗಳ ಮೇಲೆ ಬೆಲೆ ಬರೆದಿರುತ್ತದೆ. ಎಲ್ಲರೂ ಆಸೆಪಡುವ ಅಪರೂಪದ ಸ್ಕಿನ್‌ಗೆ ಮಾತ್ರ ಹೆಚ್ಚಾಗಿ ಬೆಲೆ ಬರೆದಿರುವುದಿಲ್ಲ. ಅದು ಕ್ರೇಟ್ ಎಂಬ ಪೆಟ್ಟಿಗೆಯಲ್ಲೋ ತಿರುಗುವ ಚಕ್ರದಲ್ಲೋ ಇರುತ್ತದೆ. ನೀವು ಕೊಡುವುದು ಪೆಟ್ಟಿಗೆ ತೆರೆಯುವ ದುಡ್ಡು, ಚಕ್ರ ತಿರುಗಿಸುವ ದುಡ್ಡು. ಏನು ಬರುತ್ತದೆ ಎನ್ನುವುದು ಕಂಪ್ಯೂಟರಿನ ಲೆಕ್ಕ. ಜಗತ್ತಿನೆಲ್ಲೆಡೆ ಇದಕ್ಕೆ ಲೂಟ್ ಬಾಕ್ಸ್ ಎಂಬ ಹೆಸರಿದೆ, ಜಪಾನಿನ ಆಟಗಳಲ್ಲಿ ಗಾಚಾ ಎನ್ನುತ್ತಾರೆ.

ಬರುವ ಸಾಧ್ಯತೆ ಎಷ್ಟು? ಗೆನ್ಶಿನ್ ಇಂಪ್ಯಾಕ್ಟ್ ಎಂಬ ಆಟ ತಾನೇ ಪ್ರಕಟಿಸಿದ ಸಂಖ್ಯೆ ಇದೆ: ಅತ್ಯುನ್ನತ ದರ್ಜೆಯ ಪಾತ್ರ ಒಂದು ಎಳೆತಕ್ಕೆ, ಅಂದರೆ ಒಂದು ಸಲದ ಪ್ರಯತ್ನಕ್ಕೆ, ಸಿಗುವ ಮೂಲ ಸಾಧ್ಯತೆ ಶೇಕಡಾ 0.6. ತೊಂಬತ್ತನೇ ಎಳೆತಕ್ಕೆ ಅಂಥದೊಂದು ಖಚಿತವಾಗಿ ಬರುತ್ತದೆ, ಆದರೆ ನೀವು ಬಯಸಿದ ಪಾತ್ರವೇ ಬರಬೇಕೆಂದಿಲ್ಲ. ಕೌಂಟರ್ ಸ್ಟ್ರೈಕ್ ಆಟದ ಪೆಟ್ಟಿಗೆಗಳಲ್ಲಿ ಎಲ್ಲರೂ ಬಯಸುವ ಚಾಕು ಬರುವ ಸಾಧ್ಯತೆ, ಚೀನಾದಲ್ಲಿ 2017ರಲ್ಲಿ ಕಾನೂನಿನ ಕಾರಣಕ್ಕೆ ಬಹಿರಂಗವಾದಂತೆ, ಶೇಕಡಾ 0.26. ಅಂದರೆ ಸುಮಾರು ನಾನೂರು ಪೆಟ್ಟಿಗೆಗೆ ಒಂದು.

ಈಗ ಹದಿನಾಲ್ಕು ಶತಮಾನ ಹಿಂದಕ್ಕೆ ಹೋಗೋಣ. ಕುರ್‌ಆನ್ ನಿಷೇಧಿಸಿದ ಮೈಸಿರ್ ಎಂಬ ಜೂಜು ಹೇಗಿತ್ತು ಎಂದು ತಿಳಿಯದೆ ಇಂದಿನದರ ಬಗ್ಗೆ ಮಾತಾಡಲು ಬರುವುದಿಲ್ಲ. ಅರೇಬಿಯದಲ್ಲಿ ಚಳಿಗಾಲದ ಬರ ಬಂದಾಗ ಊರಿನ ಉಳ್ಳವರು ಸೇರಿ ಒಂದು ಒಂಟೆಯನ್ನು ಸಾಲಕ್ಕೆ ಕೊಂಡು ಕಡಿಯುತ್ತಿದ್ದರು. ಹತ್ತು ಬಾಣಗಳು. ಏಳಕ್ಕೆ ಪಾಲು ಉಂಟು: ಫದ್ದ್ ಎಂಬ ಬಾಣಕ್ಕೆ ಒಂದು ಪಾಲು, ಹೀಗೆ ಏರುತ್ತ ಮುಅಲ್ಲಾ ಎಂಬ ಬಾಣಕ್ಕೆ ಏಳು ಪಾಲು. ಉಳಿದ ಮೂರಕ್ಕೆ ಏನೂ ಇಲ್ಲ. ಚೀಲದೊಳಗೆ ಕೈ ಹಾಕಿ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಬಾಣ ತೆಗೆಯುತ್ತಿದ್ದರು. ಬರಿಗೈಯ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಮನೆಗೆ ಒಯ್ಯುತ್ತಿರಲಿಲ್ಲ, ಬಡವರಿಗೆ ಹಂಚುತ್ತಿದ್ದರು. ಅದೇ ಅವರ ಹೆಗ್ಗಳಿಕೆ. ಮೈಸಿರ್‌ಗೆ ಬಾರದವನನ್ನು ಜಿಪುಣ ಎಂದು ಹಂಗಿಸುತ್ತಿದ್ದರು.

ಗಮನಿಸಿ, ಇದರಿಂದ ಹಸಿದವರ ಹೊಟ್ಟೆ ತುಂಬುತ್ತಿತ್ತು. ಕುರ್‌ಆನ್ ಅದನ್ನು ಮುಚ್ಚಿಡುವುದಿಲ್ಲ. ಎರಡನೇ ಅಧ್ಯಾಯದ 219ನೇ ವಚನದಲ್ಲಿ ಮದ್ಯ ಮತ್ತು ಜೂಜಿನ ಬಗ್ಗೆ ಹೇಳುವಾಗ, ಅವೆರಡರಲ್ಲೂ ದೊಡ್ಡ ಪಾಪವಿದೆ, ಜನರಿಗೆ ಕೆಲವು ಪ್ರಯೋಜನಗಳೂ ಇವೆ, ಆದರೆ ಪ್ರಯೋಜನಕ್ಕಿಂತ ಪಾಪ ದೊಡ್ಡದು ಎನ್ನುತ್ತದೆ. ಆ ಪ್ರಯೋಜನ ಎಂದರೆ ಬಡವರಿಗೆ ಸಿಗುತ್ತಿದ್ದ ಈ ಮಾಂಸವೇ ಎಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಹಸಿದವರಿಗೆ ಅನ್ನವಾಗುತ್ತಿದ್ದ ಜೂಜನ್ನೇ ಇಸ್ಲಾಮ್ ನಿಲ್ಲಿಸಿತು. "ಲಾಭದಲ್ಲಿ ಒಂದು ಪಾಲು ಸತ್ಕಾರ್ಯಕ್ಕೆ" ಎಂದು ಬರೆದಿರುವ ಲಕ್ಕಿ ಕೂಪನ್ ಮಾರಲು ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದರೆ ಇದು ನೆನಪಿರಲಿ. ಮಸೀದಿಯ ಕಟ್ಟಡದ ಹೆಸರಿನಲ್ಲಿ ಬಂದರೂ ಅಷ್ಟೇ.

ನಂತರ ಐದನೇ ಅಧ್ಯಾಯದ 90 ಮತ್ತು 91ನೇ ವಚನಗಳಲ್ಲಿ ಸಂಪೂರ್ಣ ನಿಷೇಧ ಬಂತು. ಅಲ್ಲಿ ಕಾರಣವನ್ನೂ ಹೇಳಿದೆ: ಮದ್ಯ ಮತ್ತು ಜೂಜಿನ ಮೂಲಕ ನಿಮ್ಮ ನಡುವೆ ಹಗೆ, ದ್ವೇಷ ಹುಟ್ಟಿಸಲು, ಅಲ್ಲಾಹನ ಸ್ಮರಣೆಯಿಂದ, ನಮಾಝ್‌ನಿಂದ ನಿಮ್ಮನ್ನು ತಡೆಯಲು ಶೈತಾನನು ಬಯಸುತ್ತಾನೆ. ದುಡ್ಡು ಹಾಳಾಗುತ್ತದೆ ಎಂಬುದು ಇಲ್ಲಿ ಮೊದಲ ಕಾರಣವಾಗಿ ಬಂದಿಲ್ಲ. ಮನುಷ್ಯ ಮನುಷ್ಯರ ನಡುವಿನ ಸಂಬಂಧ, ಮನುಷ್ಯನಿಗೆ ತನ್ನ ಒಡೆಯನ ಜೊತೆಗಿನ ಸಂಬಂಧ, ಇವೆರಡು ಕೆಡುತ್ತವೆ ಎಂಬುದು ಬಂದಿದೆ. ಅಸರ್ ನಮಾಝ್‌ಗೆ ಕರೆಯುವ ಬಾಂಗ್ ಕೇಳಿದರೂ ಇನ್ನೊಂದೇ ಸ್ಪಿನ್ ಎಂದು ಕೂತಿರುವ ಹುಡುಗ ಈ ವಚನವನ್ನು ಬಾಯಿಪಾಠ ಮಾಡಿರಲೂಬಹುದು. ಅವನನ್ನು ಕಂಡರೆ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದೃಷ್ಟದ ಮೇಲೆ ನಿಂತ ಎಲ್ಲವನ್ನೂ ಇಸ್ಲಾಮ್ ಬೇಡ ಎನ್ನುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಪ್ರವಾದಿ(ಸ)ಯವರು ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಚೀಟಿ ಎತ್ತುತ್ತಿದ್ದರು ಎಂದು ಅವರ ಪತ್ನಿ ಆಯಿಶಾ(ರ) ಹೇಳಿದ್ದು ಪ್ರವಾದಿ(ಸ)ಯವರ ನಡೆನುಡಿಗಳ, ಅಂದರೆ ಹದೀಸ್‌ಗಳ, ಸಂಗ್ರಹವಾದ ಬುಖಾರಿಯಲ್ಲಿದೆ. ಈಸಾ(ಅ)ರ ತಾಯಿ ಮರ್ಯಮ್‌ರನ್ನು ಯಾರು ನೋಡಿಕೊಳ್ಳಬೇಕೆಂದು ಲೇಖನಿಗಳನ್ನು ಎಸೆದು ತೀರ್ಮಾನಿಸಿದ ಪ್ರಸಂಗ ಕುರ್‌ಆನಿನಲ್ಲೇ ಬರುತ್ತದೆ. ಸಮಾನ ಹಕ್ಕಿರುವವರ ನಡುವೆ ಚೀಟಿ ಎತ್ತುವುದು ನ್ಯಾಯದ ಒಂದು ದಾರಿ. ಅಲ್ಲಿ ಯಾರೂ ಯಾರ ಜೇಬಿಗೂ ಕೈ ಹಾಕುವುದಿಲ್ಲ. ದುಡ್ಡನ್ನು ಪಣಕ್ಕೆ ಇಟ್ಟು, ಆ ದುಡ್ಡು ಯಾರದಾಗಬೇಕು, ಬದಲಿಗೆ ಏನು ಸಿಗಬೇಕು ಎಂಬುದನ್ನು ಅದೃಷ್ಟದ ಕೈಗೆ ಕೊಟ್ಟಾಗ ಮಾತ್ರ ಅದು ಖಿಮಾರ್, ಅಂದರೆ ಜೂಜು.

ಇಷ್ಟು ಹೇಳಿದ ಮೇಲೆ ನಮ್ಮ ಹುಡುಗ ಮತ್ತೆ ಕೈ ಎತ್ತುತ್ತಾನೆ: "ಏನಾದರೂ ಒಂದು ಬಂದೇ ಬರುತ್ತದಲ್ಲ?" ಅದಕ್ಕೆ ಉತ್ತರ ಮೈಸಿರ್‌ನ ಅಧ್ಯಾಯದಲ್ಲಿಲ್ಲ, ವ್ಯಾಪಾರದ ಅಧ್ಯಾಯದಲ್ಲಿದೆ.

ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿ ಅಬೂಹುರೈರಾ(ರ) ವರದಿ ಮಾಡಿದ ಒಂದು ಮಾತಿದೆ: ಪ್ರವಾದಿ(ಸ)ಯವರು ಕಲ್ಲೆಸೆತದ ವ್ಯಾಪಾರವನ್ನೂ ಗರರ್ ಇರುವ ವ್ಯಾಪಾರವನ್ನೂ ತಡೆದರು. ಗರರ್ ಎಂದರೆ ಏನು ಕೊಳ್ಳುತ್ತಿದ್ದೇನೆ, ಸಿಗುತ್ತದೋ ಇಲ್ಲವೋ ಎಂಬುದೇ ಮಬ್ಬಾಗಿರುವ ಸ್ಥಿತಿ. ಕಲ್ಲೆಸೆತದ ವ್ಯಾಪಾರ ಹೀಗಿತ್ತು: ವ್ಯಾಪಾರಿ ಬಟ್ಟೆಗಳನ್ನು ಹರಡಿ ಇಡುತ್ತಾನೆ. ನೀವು ಬೆಲೆ ಕೊಟ್ಟು ಒಂದು ಹರಳು ಎಸೆಯುತ್ತೀರಿ. ಯಾವ ಬಟ್ಟೆಯ ಮೇಲೆ ಬಿತ್ತೋ ಅದು ನಿಮ್ಮದು. ಚೆನ್ನಾದ ಬಟ್ಟೆಯ ಮೇಲೂ ಬೀಳಬಹುದು, ಹರಕು ತುಂಡಿನ ಮೇಲೂ ಬೀಳಬಹುದು.

ಪ್ರಶ್ನೆ ಬರೆದವನೇ, ಈಗ ನೋಡು. ಈ ವ್ಯಾಪಾರದಲ್ಲಿ ಬರಿಗೈಯಲ್ಲಿ ಹೋಗುವವನು ಯಾರೂ ಇಲ್ಲ. ಹರಳು ಯಾವುದಾದರೂ ಬಟ್ಟೆಯ ಮೇಲೆ ಬಿದ್ದೇ ಬೀಳುತ್ತದೆ. ಆದರೂ ಪ್ರವಾದಿ(ಸ)ಯವರು ಅದನ್ನು ತಡೆದರು. ಗೇಮಿನ ಚಕ್ರಕ್ಕೂ ಈ ಹರಳಿಗೂ ಇರುವ ಅಂತರ ಎಷ್ಟು ಎಂದು ನಾನು ಬಹಳ ಯೋಚಿಸಿದ್ದೇನೆ. ಚಕ್ರ ಬಣ್ಣಬಣ್ಣದ್ದು, ಸದ್ದು ಮಾಡುತ್ತದೆ. ಬೇರೆ ಅಂತರ ನನಗೆ ಕಾಣಲಿಲ್ಲ.

ಬಂದರಿನಲ್ಲಿ ಮೀನು ಕೊಳ್ಳುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಮೀನಿನವರು ಬುಟ್ಟಿಯನ್ನು ಮುಚ್ಚಿಟ್ಟು, "ಐನೂರು ಕೊಡಿ, ಕೈ ಹಾಕಿ, ಬಂದದ್ದು ನಿಮ್ಮದು, ಅಂಜಲ್ ಬಂದರೆ ನಿಮ್ಮ ಪುಣ್ಯ, ಬೂತಾಯಿ ಬಂದರೂ ವಾಪಸ್ ಇಲ್ಲ" ಎಂದರೆ ನೀವು ಕೊಡುತ್ತೀರಾ? ಆ ಬುಟ್ಟಿಯಲ್ಲಿ ಅಂಜಲ್ ನಾನೂರಕ್ಕೆ ಒಂದು ಎಂದು ಗೊತ್ತಾದ ಮೇಲೆ ಆ ಕಡೆ ತಲೆ ಹಾಕುತ್ತೀರಾ? ಹುಡುಗರು ದಿನಾ ಕೈ ಹಾಕುತ್ತಿರುವುದು ಅಂಥ ಬುಟ್ಟಿಗೇ.

ಇನ್ನೊಂದು ಹದೀಸ್ ನನಗೆ ಬಹಳ ಪ್ರಿಯ. ಹಣ್ಣು ಬಲಿಯುವ ಮೊದಲೇ ಮರದ ಫಸಲು ಮಾರುವುದನ್ನು ಪ್ರವಾದಿ(ಸ)ಯವರು ತಡೆದರು. ಆಗ ಒಂದು ಪ್ರಶ್ನೆ ಕೇಳಿದರು: ಅಲ್ಲಾಹನು ಹಣ್ಣನ್ನು ತಡೆದುಬಿಟ್ಟರೆ, ಯಾವುದಕ್ಕೆ ಬದಲಾಗಿ ನೀನು ನಿನ್ನ ಸಹೋದರನ ಸಂಪತ್ತನ್ನು ತೆಗೆದುಕೊಳ್ಳುತ್ತೀ? ಈ ಪ್ರಶ್ನೆ ಯಾರಿಗೆ ಎಂದು ನೋಡಿ. ಕೊಳ್ಳುವವನಿಗಲ್ಲ, ಮಾರುವವನಿಗೆ. ನಾವು ಯಾವಾಗಲೂ ಆಡಿದ ಹುಡುಗನನ್ನು ಹಿಡಿದು ಬೈಯುತ್ತೇವೆ. ಹದಿಮೂರು ವರ್ಷದ ಮಗುವಿನಿಂದ ಯಾವುದಕ್ಕೆ ಬದಲಾಗಿ ದುಡ್ಡು ತೆಗೆದುಕೊಂಡಿರಿ ಎಂದು ಮಾರಿದವನನ್ನು ಮೊದಲು ಕೇಳಬೇಕು.

ಮದ್‌ಹಬ್‌ಗಳ (ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳ) ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈಗಳು. ಘಟ್ಟದ ಮೇಲಿನಿಂದ ಬಂದವರು ಹೆಚ್ಚಿನವರು ಹನಫಿಗಳು. ಕಣ್ಣಾರೆ ಕಾಣದ ವಸ್ತುವಿನ ಮಾರಾಟ ಸಿಂಧುವಲ್ಲ ಎಂಬುದು ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಹನಫಿಗಳಲ್ಲಿ ಕಾಣದ ವಸ್ತುವನ್ನು ಕೊಳ್ಳಬಹುದು, ಆದರೆ ಕಂಡ ಮೇಲೆ ಬೇಡ ಎಂದು ಹಿಂದಿರುಗಿಸುವ ಹಕ್ಕು ಕೊಳ್ಳುವವನಿಗೆ ಇರುತ್ತದೆ. ಲೂಟ್ ಬಾಕ್ಸ್‌ನಲ್ಲಿ ಕಾಣಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಎರಡು ಬಾಗಿಲೂ ಮುಚ್ಚಿದಂತಾಯಿತು.

ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಇಲ್ಲವೇ? ಇದೆ, ಆದರೆ ಹೆಚ್ಚಾಗಿ ಕಾರಣದ ಬಗ್ಗೆ. ಇದು ನೇರ ಜೂಜೇ ಎಂದು ಕೆಲವರು. ಜೂಜಿನಲ್ಲಿ ಒಬ್ಬ ಗೆದ್ದರೆ ಎದುರಿನವನು ಸೋಲಬೇಕು, ಇಲ್ಲಿ ಕಂಪನಿ ಎಂದೂ ಸೋಲುವುದಿಲ್ಲ, ಆದ್ದರಿಂದ ಇದು ಗರರ್ ಇರುವ ಕೆಟ್ಟ ವ್ಯಾಪಾರ ಎಂದು ಇನ್ನು ಕೆಲವರು. ಸ್ಕಿನ್ ಎನ್ನುವುದು ಆಟಗಾರನ ಸೊತ್ತೇ ಅಲ್ಲ, ಕಂಪನಿ ಬಳಸಲು ಕೊಟ್ಟ ಅನುಮತಿ ಮಾತ್ರ, ಹಾಗಾಗಿ ಇದು ದುಂದುವೆಚ್ಚದ ವಿಷಯ ಎಂದೂ ವಾದಿಸಬಹುದು. ನನ್ನ ತಿಳಿವಳಿಕೆ ಹೀಗೆ: ಕೌಂಟರ್ ಸ್ಟ್ರೈಕ್‌ನ ಹಾಗೆ ಬಂದ ವಸ್ತುವನ್ನು ಮಾರಾಟಕ್ಕಿಡಬಹುದಾದಲ್ಲಿ ಜೂಜಿಗೂ ಅದಕ್ಕೂ ನಡುವೆ ಗೆರೆಯೇ ಉಳಿಯುವುದಿಲ್ಲ. ಮಾರಲಾಗದ ಸ್ಕಿನ್‌ಗಳಲ್ಲಿ ಗರರ್ ಎಂಬ ಕಾರಣವೇ ಸಾಕು. ಇದಕ್ಕೆ ಹತ್ತಿರದ ಒಂದು ಸಾಮೂಹಿಕ ತೀರ್ಮಾನವೂ ಇದೆ. 2003ರಲ್ಲಿ ದೋಹಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿಯು ಬಹುಮಾನದ ಕೂಪನ್‌ಗಳ ಬಗ್ಗೆ ಚರ್ಚಿಸಿ, ಕೂಪನ್ನಿನ ಬೆಲೆ ಅಥವಾ ಅದರ ಒಂದು ಭಾಗ ಬಹುಮಾನದ ಮೊತ್ತಕ್ಕೆ ಸೇರುವುದಾದರೆ ಅದು ಮೈಸಿರ್‌ನ ಒಂದು ಬಗೆ ಎಂದಿತು.

ಕಂಪನಿಗಳ ಉತ್ತರವನ್ನೂ ಕೇಳಬೇಕು, ಇಲ್ಲದಿದ್ದರೆ ನ್ಯಾಯವಲ್ಲ. 2019ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದರ ಎದುರು ಇಎ ಎಂಬ ಗೇಮ್ ಕಂಪನಿಯ ಪ್ರತಿನಿಧಿ, ಇದು ಕಿಂಡರ್ ಮೊಟ್ಟೆಯ ಒಳಗಿನ ಆಟಿಕೆಯಂಥ ಅಚ್ಚರಿ ಎಂಬ ಅರ್ಥದ ವಾದ ಮುಂದಿಟ್ಟರು. ಮಗುವಿಗೆ ಚಾಕಲೇಟ್ ಮೊಟ್ಟೆ ಕೊಡಿಸಿದವರೆಲ್ಲ ಜೂಜುಕೋರರೇ? ಫಿಕ್ಹ್‌ನಲ್ಲಿ ಇದಕ್ಕೆ ಸ್ಪಷ್ಟ ಅಳತೆ ಇದೆ. ವಸ್ತು ಏನೆಂದು ಗೊತ್ತಿದ್ದು, ಅದರ ಬೆಲೆ ಮಾಮೂಲಿನಷ್ಟೇ ಇದ್ದು, ನೀವು ಅದನ್ನು ಬೇಕೆಂದೇ ಕೊಂಡು, ಜೊತೆಗೆ ಏನೋ ಉಡುಗೊರೆ ಬಂದರೆ ಅಡ್ಡಿಯಿಲ್ಲ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಉಡುಗೊರೆಗಾಗಿಯೇ ಬೆಲೆ ಏರಿಸಿದರೆ, ಅಥವಾ ವಸ್ತು ಬೇಡವಾಗಿದ್ದರೂ ಬಹುಮಾನದ ಆಸೆಗೆ ಕೊಂಡರೆ, ಅದು ಬೇರೆ. ಲೂಟ್ ಬಾಕ್ಸ್‌ನಲ್ಲಿ ಚಾಕಲೇಟೇ ಇಲ್ಲ. ಅಚ್ಚರಿಯೊಂದನ್ನೇ ಮಾರುತ್ತಾರೆ.

ಲೆಕ್ಕದ ಒಂದು ಮಾತು, ಏಕೆಂದರೆ ಹುಡುಗರು ಇಲ್ಲೇ ಎಡವುತ್ತಾರೆ. ಶೇಕಡಾ ಒಂದು ಎಂದು ಬರೆದಿದ್ದರೆ ನೂರು ಸಲ ತೆರೆದರೆ ಒಂದು ಸಿಕ್ಕೇ ಸಿಗುತ್ತದೆ ಎಂದು ಅವರ ನಂಬಿಕೆ. ಹಾಗಲ್ಲ. ಪ್ರತಿ ಸಲವೂ ಹೊಸ ಲೆಕ್ಕ. ನೂರು ಸಲ ತೆರೆದ ನೂರು ಮಂದಿಯಲ್ಲಿ ಸುಮಾರು ಮೂವತ್ತೇಳು ಮಂದಿಗೆ ಆ ಅಪರೂಪದ ವಸ್ತು ಸಿಕ್ಕಿರುವುದಿಲ್ಲ. "ಇಷ್ಟು ಹಾಕಿದ್ದೇನೆ, ಇನ್ನೇನು ಬಂದೇ ಬಿಡುತ್ತದೆ" ಎಂಬ ಭಾವನೆಗೆ ಗಣಿತದಲ್ಲಿ ಜಾಗವಿಲ್ಲ. ಇಷ್ಟನೇ ಸಲಕ್ಕೆ ಖಚಿತ ಎಂದು ಕೆಲವು ಆಟಗಳು ಮಿತಿ ಇಟ್ಟಿವೆ, ನಿಜ. ಆದರೆ ಅರ್ಧ ದಾರಿಗೆ ಬಂದವನಿಗೆ ಹಿಂದಿರುಗಲು ಮನಸ್ಸಾಗದಂತೆ ಮಾಡುವುದೂ ಅದೇ ಮಿತಿ. 2018ರಲ್ಲಿ ಬ್ರಿಟನ್ನಿನ ಡೇವಿಡ್ ಜೆಂಡಲ್ ಮತ್ತು ಪಾಲ್ ಕೇರ್ನ್ಸ್ ಏಳು ಸಾವಿರಕ್ಕೂ ಹೆಚ್ಚು ಆಟಗಾರರನ್ನು ಸಮೀಕ್ಷೆ ಮಾಡಿದರು. ಜೂಜಿನ ಚಟ ಹೆಚ್ಚಿದ್ದವರು ಲೂಟ್ ಬಾಕ್ಸ್‌ಗೂ ಹೆಚ್ಚು ಖರ್ಚು ಮಾಡುತ್ತಿದ್ದರು. ಪೆಟ್ಟಿಗೆಯಿಂದ ಚಟ ಹುಟ್ಟಿತೋ, ಚಟ ಇದ್ದವರು ಪೆಟ್ಟಿಗೆಯ ಕಡೆ ಬಂದರೋ ಎಂದು ಆ ಅಧ್ಯಯನ ತೀರ್ಪು ಕೊಡಲಿಲ್ಲ. ಎರಡರಲ್ಲಿ ಯಾವುದು ನಿಜವಾದರೂ ನಮಗೆ ಸಮಾಧಾನದ ಸುದ್ದಿಯಲ್ಲ.

ಸರ್ಕಾರಗಳು ಏನು ಮಾಡಿವೆ? ಜಪಾನ್ 2012ರಲ್ಲೇ ಗಾಚಾದ ಒಂದು ಬಗೆಯನ್ನು ತಡೆಯಿತು. 2018ರಲ್ಲಿ ಬೆಲ್ಜಿಯಮ್ ಕೆಲವು ಆಟಗಳ ಲೂಟ್ ಬಾಕ್ಸ್‌ಗಳನ್ನು ಜೂಜೆಂದೇ ಘೋಷಿಸಿತು. ನೆದರ್‌ಲ್ಯಾಂಡ್ಸ್ ಇಎ ಕಂಪನಿಗೆ ಒಂದು ಕೋಟಿ ಯೂರೋ ದಂಡ ಹಾಕಿತ್ತು, 2022ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದನ್ನು ರದ್ದುಮಾಡಿತು. ನಮ್ಮ ರಾಜ್ಯ 2007ರಲ್ಲಿ ಲಾಟರಿ ನಿಲ್ಲಿಸಿತು. ಆಗ ಎಷ್ಟು ಮನೆಗಳು ಉಸಿರಾಡಿದವು ಎಂದು ಇಲ್ಲಿರುವ ತಾಯಂದಿರಿಗೆ ನಾನು ಹೇಳಬೇಕಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅದರಲ್ಲಿ ಲೂಟ್ ಬಾಕ್ಸ್ ಎಂಬ ಹೆಸರು ಬರುವುದಿಲ್ಲ. ಕಾನೂನು ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಲ್ಲುವ ಹಂಗು ನಂಬಿದವನಿಗಿಲ್ಲ.

ಇನ್ನು ಮಕ್ಕಳ ವಿಷಯ. ಕುರ್‌ಆನಿನ ನಾಲ್ಕನೇ ಅಧ್ಯಾಯ ಅನಾಥರ ಸೊತ್ತಿನ ಬಗ್ಗೆ ಹೇಳುವಾಗ, ಅವರು ಪ್ರಾಯಕ್ಕೆ ಬರುವವರೆಗೆ ಪರೀಕ್ಷಿಸುತ್ತಿರಿ, ವಿವೇಕ ಕಂಡರೆ ಅವರ ಸೊತ್ತನ್ನು ಅವರಿಗೆ ಒಪ್ಪಿಸಿ ಎನ್ನುತ್ತದೆ. ಪರೀಕ್ಷಿಸುವುದು ಹೇಗೆ? ಸ್ವಲ್ಪ ದುಡ್ಡು ಕೊಟ್ಟು, ಕೊಳ್ಳುವುದು ಮಾರುವುದು ಹೇಗೆ ಮಾಡುತ್ತಾರೆ ಎಂದು ನೋಡುವುದು ಎಂದು ಫುಖಹಾಗಳು, ಅಂದರೆ ಫಿಕ್ಹ್ ಪಂಡಿತರು, ವಿವರಿಸಿದ್ದಾರೆ. ನಾವು ಏನು ಮಾಡಿದ್ದೇವೆ? ಪರೀಕ್ಷೆಯೇ ಇಲ್ಲದೆ ಯುಪಿಐ ಪಿನ್ ಹೇಳಿಕೊಟ್ಟಿದ್ದೇವೆ. ಗಲ್ಫಿನಲ್ಲಿರುವ ಉಪ್ಪ ಕಳಿಸಿದ ದುಡ್ಡು ಉಮ್ಮನ ಖಾತೆಗೆ ಬರುತ್ತದೆ, ಉಮ್ಮನ ಫೋನು ಮಗನ ಕೈಯಲ್ಲಿರುತ್ತದೆ. ಪ್ರಾಯಕ್ಕೆ ಬಾರದ ಮಗುವಿನ ವ್ಯಾಪಾರ ಶಾಫಿಈಗಳಲ್ಲಿ ಸಿಂಧುವೇ ಅಲ್ಲ, ಹನಫಿಗಳಲ್ಲಿ ಪೋಷಕರ ಒಪ್ಪಿಗೆಯ ಮೇಲೆ ನಿಂತಿರುತ್ತದೆ. ಅಂದರೆ ಜವಾಬ್ದಾರಿ ನಮ್ಮ ಹೆಗಲಿಗೆ ಬಂತು. ಪಿನ್ ಬದಲಾಯಿಸಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಅದಕ್ಕೂ ಮೊದಲು ಮಗನ ಪಕ್ಕ ಕೂತು, ಆ ಆಟ ಯಾವುದು, ಏನು ಆಸೆ ತೋರಿಸುತ್ತದೆ ಎಂದು ಅವನಿಂದಲೇ ಕೇಳಿ ತಿಳಿದುಕೊಳ್ಳಿ.

ಹಾಗಾದರೆ ಏನು ಮಾಡಬಹುದು ಎಂದು ಹಲವು ಚೀಟಿಗಳಲ್ಲಿ ಕೇಳಿದ್ದೀರಿ. ಬೆಲೆ ಬರೆದಿರುವ, ಕಣ್ಣಿಗೆ ಕಾಣುವ ಸ್ಕಿನ್ ಅನ್ನು ನೇರವಾಗಿ ಕೊಳ್ಳುವುದು ವ್ಯಾಪಾರ. ಅದರಲ್ಲಿ ನಗ್ನತೆಯೋ ನಿಷಿದ್ಧ ಚಿಹ್ನೆಯೋ ಇರಬಾರದು, ದುಂದು ಆಗಬಾರದು. ಆಡುತ್ತ ಹೋದಂತೆ ಹಂತ ಹಂತವಾಗಿ ವಸ್ತು ಕೊಡುವ ಬ್ಯಾಟಲ್ ಪಾಸ್‌ನಲ್ಲಿ ಯಾವ ಹಂತಕ್ಕೆ ಏನು ಸಿಗುತ್ತದೆ ಎಂದು ಮೊದಲೇ ತೋರಿಸಿದ್ದರೆ ಅದೂ ಸುಮಾರಾಗಿ ಇದೇ ಸಾಲಿಗೆ ಬರುತ್ತದೆ. ದುಡ್ಡಿಲ್ಲದ ದೈನಂದಿನ ಸ್ಪಿನ್‌ನಲ್ಲಿ ಪಣ ಇಲ್ಲ, ಆದ್ದರಿಂದ ಜೂಜೂ ಅಲ್ಲ. ಆದರೆ ಅದನ್ನು ಇಟ್ಟಿರುವುದೇ ಬೆರಳಿಗೆ ಅಭ್ಯಾಸ ಮಾಡಿಸಲು ಎಂದು ನನ್ನ ಅನಿಸಿಕೆ.

ಟೂರ್ನಮೆಂಟಿನ ಪ್ರಶ್ನೆ ಸ್ವಲ್ಪ ಬಿಸಿ ಇದೆ. ಗೆಳೆಯರು ತಾವೇ ಸೇರಿ ಆಡುವ ಕಸ್ಟಮ್ ರೂಮ್‌ಗೆ ತಲೆಗೆ ಐವತ್ತು ರೂಪಾಯಿ ಸಂಗ್ರಹಿಸಿ, ಗೆದ್ದವನಿಗೆ ಆ ಮೊತ್ತ ಕೊಡುವುದು. ಇಲ್ಲಿ ಕೌಶಲ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಎಲ್ಲರೂ ಪಣ ಇಟ್ಟು ಒಬ್ಬನು ಬಾಚಿಕೊಳ್ಳುವುದನ್ನು ಬಹುಪಾಲು ವಿದ್ವಾಂಸರು ಜೂಜೆಂದೇ ಎಣಿಸಿದ್ದಾರೆ. ಒಂಟೆ, ಕುದುರೆ, ಬಿಲ್ಲು ಈ ಮೂರರಲ್ಲಿ ಮಾತ್ರ ಬಹುಮಾನ ಎಂಬ ಹದೀಸ್ ಇದೆ. ಆ ಸ್ಪರ್ಧೆಗಳಲ್ಲೂ ಎರಡೂ ಕಡೆಯವರು ಪಣ ಇಟ್ಟಾಗ, ಏನೂ ಇಡದ ಮೂರನೆಯವನೊಬ್ಬ ಇರಬೇಕೆಂದು ಹೆಚ್ಚಿನ ಫುಖಹಾಗಳು ಷರತ್ತು ಹಾಕಿದರು. ಬಹುಮಾನ ಹೊರಗಿನವರು ಕೊಟ್ಟರೆ ದಾರಿ ಸುಲಭ.

ಇದನ್ನು ಹೇಳುವಾಗ ಹಿಂದಿನ ಸಾಲಿನ ಯುವಕರು ನಮ್ಮ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟ್ ಬಗ್ಗೆ ಯೋಚಿಸುತ್ತಿದ್ದೀರಿ ಎಂದು ಗೊತ್ತು. ಯೋಚಿಸಲೇಬೇಕು. ತಂಡಗಳ ಪ್ರವೇಶ ಶುಲ್ಕ ಮೈದಾನ, ಚೆಂಡು, ಲೈಟು, ಶಾಮಿಯಾನಕ್ಕೆ ಹೋಗಲಿ. ನಗದು ಬಹುಮಾನ, ಟ್ರೋಫಿ ಎರಡನ್ನೂ ದಾನಿಗಳು ಕೊಡಲಿ. ಲೆಕ್ಕದ ಪುಸ್ತಕದಲ್ಲಿ ಈ ಎರಡು ಬಾಬ್ತುಗಳನ್ನು ಬೇರೆ ಬೇರೆ ಬರೆಯಿರಿ. ಮಗನ ಐವತ್ತು ರೂಪಾಯಿಯ ಬಗ್ಗೆ ಮಾತಾಡುವ ಮೊದಲು ನಮ್ಮ ಕ್ಲಬ್ಬಿನ ಲೆಕ್ಕ ಸರಿಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯ ಚೀಟಿ. "ಈಗಾಗಲೇ ಸ್ಪಿನ್ ಮಾಡಿ ಸ್ಕಿನ್ ಗೆದ್ದಿದ್ದೇನೆ. ಖಾತೆ ಅಳಿಸಬೇಕೇ?" ಖಾತೆ ಅಳಿಸಬೇಕೆಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ತೌಬಾ (ಪಶ್ಚಾತ್ತಾಪ) ಇದೆ, ಇನ್ನು ಮಾಡದಿರುವುದೇ ಅದರ ಮುಖ್ಯ ಭಾಗ. ಗೆದ್ದ ಸ್ಕಿನ್ ಮಾರಿ ದುಡ್ಡು ಬಂದಿದ್ದರೆ, ನೀನು ಹಾಕಿದ್ದಕ್ಕಿಂತ ಹೆಚ್ಚು ಬಂದದ್ದನ್ನು ಬಡವರಿಗೆ ಕೊಟ್ಟುಬಿಡು. ಖಾತೆಯಲ್ಲಿ ಯುಸಿ ಉಳಿದಿದ್ದರೆ ಬೆಲೆ ಬರೆದಿರುವ ಯಾವುದಾದರೂ ವಸ್ತುವಿಗೆ ಬಳಸು. "ಬಾ, ಜೂಜಾಡೋಣ" ಎಂದು ಗೆಳೆಯನನ್ನು ಬರೀ ಬಾಯಿಮಾತಿಗೆ ಕರೆದವನೂ ಸದಕ (ದಾನ) ಕೊಡಲಿ ಎಂದು ಪ್ರವಾದಿ(ಸ)ಯವರು ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಎಷ್ಟು ಎಂದು ಅಲ್ಲಿ ಹೇಳಿಲ್ಲ. ಹೋದ ತಿಂಗಳು ಸ್ಪಿನ್‌ಗೆ ಎಷ್ಟು ಹಾಕಿದ್ದೆಯೋ ಅದರಿಂದ ಶುರು ಮಾಡಬಹುದು.